ಗುಂಗುರು ಕೂದಲು ಆರುವ ಹೊತ್ತು

ಗದಗಿನಲ್ಲಿ ನಾನು ಹುಟ್ಟಿ ಬೆಳೆದ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇತ್ತು. ಕೊಳವೆಬಾವಿಯ ನೀರು ಕಾಯಿಸಿ ಕಾಯಿಸಿ ಅದರ ಒಳಮೈಗೆ ಸುಣ್ಣ ಬಳಿದಂತೆ ಬಿಳಿಯ ಪದರ ಕಟ್ಟಿಕೊಂಡಿರುತ್ತಿತ್ತು. ಆ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತಿರಲಿಲ್ಲ, ಬಟ್ಟೆಯ ಸಾಬೂನು ನೊರೆ ಕೊಡುತ್ತಿರಲಿಲ್ಲ. ಪ್ರತಿ ರವಿವಾರ ಅದೇ ನೀರಿನಿಂದ ಅವ್ವ ನನ್ನ ತಲೆಗೆ ಎರೆಯುತ್ತಿದ್ದಳು. ಎರೆದಾದ ಮೇಲೆ ತಲೆಗೆ ಟವೆಲ್ ಬಿಗಿದು ಬಿಸಿಲಿಗೆ ಕೂರಿಸುವುದು, ಕೂದಲು ಪೂರ್ತಿ ಆರಿದ ನಂತರ ಹಣಿಗೆ ಹಿಡಿದು ನೆತ್ತಿಯಿಂದ ಕೆಳಕ್ಕೆ ಎಳೆಯುವುದು, ಸಿಕ್ಕು ಬಿಡಿಸುವಷ್ಟರಲ್ಲಿ ಅವಳ ತೋಳೂ ನನ್ನ ಕಣ್ಣೂ ಸೋತುಹೋಗುವುದು, ಇದು ವಾರವಾರವೂ ನಡೆಯುತ್ತಿತ್ತು. "ಹಣಗಿ ಒಳಗ ಹೋಗವಲ್ದು ನೋಡ, ಯಾರ ಕೂದ್ಲಾ ಬಂದಾವೋ ಇದಕ್ಕ" ಎನ್ನುತ್ತಿದ್ದಳು. ಬಂದದ್ದು ಅಪ್ಪನ ತಾಯಿಯದು ಎಂದು ಅವಳಿಗೂ ಗೊತ್ತಿತ್ತು. ಆ ಆಯಿಯ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿದೆ. ತಲೆಯ ಮೇಲೆ ಸೆರಗು ಹೊದ್ದಿದ್ದರೂ ಕಿವಿಯ ಬಳಿ ಎರಡು ಸುರುಳಿಗಳು ಸೆರಗಿನಿಂದ ಹೊರಗೆ ಬಂದಿವೆ.

ಈಗ ನಾನು ಧಾರವಾಡದಲ್ಲಿದ್ದೇನೆ. ಮಗಳಿಗೆ ಒಂಬತ್ತು ವರ್ಷ. ಅವಳ ತಲೆಯ ಮೇಲೂ ಅದೇ ಕೂದಲು, ನನ್ನದಕ್ಕಿಂತ ಇನ್ನೂ ಬಿಗಿಯಾದ ಗುಂಗುರು. ಅವಳಿಗೆ ಐದು ವರ್ಷವಾದಾಗ ಒಂದು ದಿನ, ಶಾಲೆಗೆ ಹೊರಡುವ ಅವಸರದಲ್ಲಿ ನಾನು ಒಣಗಿದ ಕೂದಲಿಗೆ ಹಣಿಗೆ ಹಾಕಿ ಎಳೆದೆ. ಹಣಿಗೆಯ ಮೂರು ಹಲ್ಲು ಮುರಿದು ಅವಳ ಕೂದಲೊಳಗೆ ಉಳಿದವು. ಅವಳು ಅಳಲಿಲ್ಲ. ಕುತ್ತಿಗೆ ಬಿಗಿಹಿಡಿದು, ಎರಡೂ ಕೈಗಳಿಂದ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತಿದ್ದಳು. ಆ ಹಿಡಿತವನ್ನು ನೋಡಿದಾಗ ನನ್ನ ಬಾಲ್ಯದ ರವಿವಾರಗಳೆಲ್ಲ ನೆನಪಾದವು, ಇದನ್ನು ಇನ್ನೊಂದು ತಲೆಮಾರಿಗೆ ದಾಟಿಸಬಾರದೆಂದು ಅಂದೇ ನಿಶ್ಚಯಿಸಿದೆ. ಆಮೇಲಿನ ನಾಲ್ಕು ವರ್ಷಗಳಲ್ಲಿ ಓದಿ, ಮಾಡಿ ನೋಡಿ, ಬೇಡವಾದದ್ದನ್ನು ಬಿಟ್ಟು ಕಟ್ಟಿಕೊಂಡ ಒಂದು ಸರಳ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗುಂಗುರು ಕೂದಲಿನ ಆಕಾರ ನಿಶ್ಚಯವಾಗುವುದು ಅದು ಒದ್ದೆಯಿಂದ ಆರುವ ಹೊತ್ತಿನಲ್ಲಿ. ಕೈ ಆಡಿಸಬೇಕಾದದ್ದು ಆ ಒಂದೆರಡು ತಾಸು ಮಾತ್ರ, ವಾರದ ಉಳಿದ ದಿನಗಳಲ್ಲಿ ಅದನ್ನು ಅದರ ಪಾಡಿಗೆ ಬಿಡಬೇಕು. ನಮ್ಮ ಮನೆಗಳಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ. ಒದ್ದೆ ಇದ್ದಾಗ ಟವೆಲ್ಲಿನಲ್ಲಿ ಸುತ್ತಿ ಮರೆತುಬಿಡುತ್ತೇವೆ, ಒಣಗಿದ ಮೇಲೆ ದಿನಕ್ಕೆರಡು ಸಲ ಬಾಚುತ್ತೇವೆ. ನೇರ ಕೂದಲಿಗೆ ಈ ರೂಢಿ ಸರಿಯಾಗಿಯೇ ಇದೆ, ಅವ್ವನ ತಪ್ಪೇನೂ ಇರಲಿಲ್ಲ. ತನ್ನ ಕೂದಲು ಕಲಿಸಿದ್ದನ್ನು ಅವಳು ನನ್ನ ಕೂದಲಿಗೆ ಮಾಡಿದಳು, ಅಷ್ಟೆ.

ಕೂದಲು ಗುಂಗುರಾಗುವುದು ಬೇರಿನಲ್ಲಿಯೇ. ಚರ್ಮದೊಳಗೆ ಕೂದಲು ಹುಟ್ಟುವ ಚೀಲ ನೇರವಾಗಿದ್ದರೆ ಕೂದಲೂ ನೇರವಾಗಿ ಬರುತ್ತದೆ, ಚೀಲ ಬಾಗಿದ್ದರೆ ಕೂದಲೂ ಬಾಗಿಯೇ ಹೊರಬರುತ್ತದೆ. ಅಡ್ಡ ಕತ್ತರಿಸಿ ನೋಡಿದರೆ ನೇರ ಕೂದಲು ಹೆಚ್ಚುಕಡಿಮೆ ದುಂಡಗೆ ಕಾಣುತ್ತದೆ, ಗುಂಗುರು ಕೂದಲು ಮೊಟ್ಟೆಯಾಕಾರದಲ್ಲಿ ಚಪ್ಪಟೆಯಾಗಿರುತ್ತದೆ. ನೆತ್ತಿಯ ಚರ್ಮ ತಾನಾಗಿಯೇ ಒಸರುವ ಜಿಡ್ಡು ನೇರ ಕೂದಲಿನ ಮೇಲೆ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಗುಂಗುರಿನಲ್ಲಿ ಅದಕ್ಕೆ ತಿರುವು ತಿರುವುಗಳ ದಾರಿ, ಹಾಗಾಗಿ ನೆತ್ತಿಯಲ್ಲಿ ಜಿಡ್ಡು, ತುದಿಯಲ್ಲಿ ಬರ. ಕೂದಲಿನ ಹೊರಮೈ ಹೆಂಚಿನ ಮನೆಯ ಮಾಡಿನಂತೆ ಒಂದರ ಮೇಲೊಂದು ಹೊದಿಸಿದ ಹುರುಪೆಗಳಿಂದ ಆಗಿದೆ. ಪ್ರತಿ ತಿರುವಿನಲ್ಲೂ ಆ ಹುರುಪೆಗಳು ಸ್ವಲ್ಪ ಎದ್ದಿರುತ್ತವೆ, ಅಲ್ಲಿಯೇ ತೇವ ಸೋರುತ್ತದೆ, ಅಲ್ಲಿಯೇ ಒಂದು ಎಳೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ, ಎಳೆದರೆ ಅಲ್ಲಿಯೇ ಮುರಿಯುತ್ತದೆ. ಮಗಳ ಹಣಿಗೆಯ ಹಲ್ಲು ಮುರಿದದ್ದು ಇಂಥ ನೂರಾರು ತಿರುವುಗಳ ನಡುವೆ.

ಇನ್ನು ನೀರು ಏನು ಮಾಡುತ್ತದೆ ಎಂಬುದು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಅದರ ಎಳೆಗಳನ್ನು ಕಟ್ಟಿಹಿಡಿಯುವ ಬಂಧಗಳಲ್ಲಿ ಗಂಧಕದ ಬಂಧಗಳು ಬಲವಾದವು, ನೀರಿಗೆ ಬಗ್ಗುವುದಿಲ್ಲ. ಆದರೆ ಜಲಜನಕದ ಬಂಧಗಳು ದುರ್ಬಲ; ಕೂದಲು ನೆನೆದ ಕೂಡಲೇ ಬಿಚ್ಚಿಕೊಳ್ಳುತ್ತವೆ, ಆರುತ್ತ ಹೋದಂತೆ ಮತ್ತೆ ಕಟ್ಟಿಕೊಳ್ಳುತ್ತವೆ. ಕಟ್ಟಿಕೊಳ್ಳುವ ಹೊತ್ತಿಗೆ ಕೂದಲು ಯಾವ ಭಂಗಿಯಲ್ಲಿ ಇತ್ತೋ ಅದೇ ಉಳಿಯುತ್ತದೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಹಂಚಿನಿಂದ ಆಗಷ್ಟೇ ಇಳಿಸಿದ ಜೋಳದ ರೊಟ್ಟಿಯನ್ನು ಹೇಗೆ ಬೇಕಾದರೂ ಮಡಚಬಹುದು, ಮಡಚಿದ ಹಾಗೆಯೇ ಅದು ಆರಿ ಖಡಕ್ ಆಗುತ್ತದೆ. ಖಡಕ್ ಆದ ಮೇಲೆ ಮಡಚಲು ಹೋದರೆ ಮುರಿಯುತ್ತದೆ. ಒಣ ಗುಂಗುರಿಗೆ ಹಣಿಗೆ ಹಾಕುವುದೆಂದರೆ ಖಡಕ್ ರೊಟ್ಟಿಯನ್ನು ಮಡಚಿದಂತೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒದ್ದೆ ಕೂದಲು ಹೆಚ್ಚು ಹಿಗ್ಗುತ್ತದೆ, ಅದರ ಬಲವೂ ಕಡಿಮೆ. ಆದ್ದರಿಂದ ಬರಿಯ ನೀರಿನಲ್ಲಿ ತೊಯ್ದ ಕೂದಲನ್ನು ಬಾಚುವುದು ಕೂಡ ತಪ್ಪು. ಬಾಚುವಾಗ ಅದರ ಮೇಲೆ ಜಾರಿಕೆಯ ಒಂದು ಪದರ ಇರಬೇಕು. ಕಂಡೀಷನರ್‌ನ ಕೆಲಸವೇ ಅದು. ಸವೆದ ಕೂದಲಿನ ಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ. ಕಂಡೀಷನರ್‌ನಲ್ಲಿರುವ ಸೆಟ್ರಿಮೋನಿಯಮ್ ಕ್ಲೋರೈಡ್, ಬೆಹೆನ್‌ಟ್ರೈಮೋನಿಯಮ್ ಕ್ಲೋರೈಡ್ ಎಂಬಂಥ ವಸ್ತುಗಳಿಗೆ ಧನ ವಿದ್ಯುದಂಶ. ಎರಡೂ ಒಂದನ್ನೊಂದು ಸೆಳೆದುಕೊಂಡು, ಕೂದಲು ಎಲ್ಲೆಲ್ಲಿ ಹೆಚ್ಚು ಸವೆದಿದೆಯೋ ಅಲ್ಲಲ್ಲೇ ಆ ಪದರ ಹೆಚ್ಚು ಅಂಟುತ್ತದೆ. ಬಾಟಲಿಯ ಹಿಂದಿನ ಚೀಟಿಯಲ್ಲಿ ಈ ಹೆಸರುಗಳು ಮೊದಲ ಐದಾರರೊಳಗೆ ಇದ್ದರೆ ನನಗೆ ಸಾಕು. ಸೆಟೈಲ್ ಆಲ್ಕೋಹಾಲ್ ಎಂದು ಬರೆದಿರುವುದನ್ನು ನೋಡಿ ಹೆದರಬೇಕಾಗಿಲ್ಲ, ಅದು ಮೇಣದಂಥ ಮೃದು ವಸ್ತು, ಕೂದಲನ್ನು ಒಣಗಿಸುವ ಜಾತಿಯದಲ್ಲ.

ನೀರಿನ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಸೀಮೆಯಲ್ಲಿ ಕೂದಲಿನ ಅರ್ಧ ಕಥೆ ನೀರಿನದೇ. ಧಾರವಾಡದ ನಲ್ಲಿಯಲ್ಲಿ ಬರುವುದು ಮಲಪ್ರಭೆಯ ನೀರು, ಸವದತ್ತಿಯ ಬಳಿಯ ನವಿಲುತೀರ್ಥದ ಜಲಾಶಯದಿಂದ ಬರುತ್ತದೆ. ಕೆಲವು ವಾರ್ಡುಗಳಿಗೆ 24 ಗಂಟೆಯೂ ಬರುತ್ತದೆ, ಅನೇಕ ಬಡಾವಣೆಗಳಲ್ಲಿ ದಿನಗಟ್ಟಲೆ ಕಾಯಬೇಕು. ಕಾಯುವ ದಿನಗಳಲ್ಲಿ ಕೊಳವೆಬಾವಿಯ ನೀರೇ ಗತಿ. ಆ ನೀರಿನಲ್ಲಿ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಲವಣಗಳು ಹೆಚ್ಚು. ಸಾಬೂನು ಅವುಗಳ ಜೊತೆ ಸೇರಿದರೆ ನೊರೆಯ ಬದಲು ಬಿಳಿಯ ಗಸಿ ಕಟ್ಟುತ್ತದೆ, ಎಷ್ಟು ಜಾಲಿಸಿದರೂ ಕೂದಲಿನಿಂದ ಬಿಡುವುದಿಲ್ಲ. ಚಿಕ್ಕಂದಿನಲ್ಲಿ ಮೈಯ ಸಾಬೂನನ್ನೇ ತಲೆಗೂ ಹಚ್ಚಿದ ದಿನಗಳಲ್ಲಿ ನನ್ನ ಕೂದಲು ಅಂಟಂಟಾಗಿಯೂ ಒರಟಾಗಿಯೂ ಏಕೆ ಇರುತ್ತಿತ್ತೆಂದು ಈಗ ತಿಳಿಯುತ್ತದೆ. ಸಾಬೂನು ಕ್ಷಾರ ಬೇರೆ. ಕ್ಷಾರದಲ್ಲಿ ಕೂದಲಿನ ಹುರುಪೆಗಳು ಇನ್ನಷ್ಟು ಏಳುತ್ತವೆ. ಸೀಗೆಕಾಯಿಯಲ್ಲಿ ನೊರೆ ಕೊಡುವ ಸಪೋನಿನ್ ಗಡಸು ನೀರಿನಲ್ಲಿಯೂ ಹಾಗೆ ಗಸಿ ಕಟ್ಟುವುದಿಲ್ಲ, ಅದರ ಗುಣ ಕೊಂಚ ಹುಳಿ. ನಮ್ಮ ಹಿರಿಯರು ಸೀಗೆಕಾಯಿಯನ್ನು ನಂಬಿದ್ದು ಸುಮ್ಮನೆ ಅಲ್ಲ. ಗುಂಗುರು ತಲೆಗೆ ಮಾತ್ರ ಅದರ ಪುಡಿಯನ್ನು ಹಾಗೆಯೇ ಹಚ್ಚಬಾರದು, ಚೂರುಗಳು ಸುರುಳಿಯೊಳಗೆ ಕೂತರೆ ಎರಡು ದಿನ ಉದುರುತ್ತಲೇ ಇರುತ್ತವೆ. ಕಾಯಿಗಳನ್ನು ರಾತ್ರಿ ನೆನೆಹಾಕಿ, ಮುಂಜಾನೆ ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿದ ತಿಳಿಯನ್ನು ಬಳಸಬೇಕು.

ಅವ್ವನ ಹಂಡೆಯ ಬಿಳಿಯ ಪದರದ ಅರ್ಥವೂ ನನಗೆ ತಡವಾಗಿ ತಿಳಿಯಿತು. ನೀರು ಕಾದಾಗ ಗಡಸುತನದ ಒಂದು ಭಾಗ ಸುಣ್ಣವಾಗಿ ತಳಕ್ಕೂ ಗೋಡೆಗೂ ಇಳಿಯುತ್ತದೆ. ಹಂಡೆಗೆ ಅಂಟಿದ ಆ ಸುಣ್ಣ ನನ್ನ ತಲೆಗೆ ಬರದೆ ಉಳಿದ ಸುಣ್ಣ. ಹೀಗಾಗಿ ಕೊಳವೆಬಾವಿಯ ನೀರೇ ಇರುವ ಗದಗಿನ ನನ್ನ ಅಕ್ಕತಂಗಿಯರಿಗೆ ನಾನು ಹೇಳುವುದಿಷ್ಟು. ನೀರನ್ನು ಹಿಂದಿನ ರಾತ್ರಿಯೇ ಚೆನ್ನಾಗಿ ಕುದಿಸಿ ಇಟ್ಟು, ಮುಂಜಾನೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಕೊನೆಯ ಎರಡು ತಂಬಿಗೆಗಾದರೂ ಸಿಹಿನೀರು ಉಳಿಸಿಕೊಳ್ಳಿ. ನಾನು ಬಚ್ಚಲ ಮೂಲೆಯಲ್ಲಿ ಮಲಪ್ರಭೆಯ ನೀರಿನ ಒಂದು ಕೊಡವನ್ನು ಮಗಳ ತಲೆಗೆಂದೇ ಮುಚ್ಚಿಡುತ್ತೇನೆ. ಮನೆಯವರೆಲ್ಲರಿಗೂ ಗೊತ್ತು, ಅದನ್ನು ಯಾರೂ ಮುಟ್ಟುವುದಿಲ್ಲ.

ನಮ್ಮ ಕ್ರಮ ಶನಿವಾರ ರಾತ್ರಿ ಆರಂಭವಾಗುತ್ತದೆ. ಎರಡು ಚಮಚ ಕೊಬ್ಬರಿ ಎಣ್ಣೆಯನ್ನು ಅಂಗೈಗಳಲ್ಲಿ ಉಜ್ಜಿ, ತುದಿಯಿಂದ ಮೇಲಕ್ಕೆ ಸವರುತ್ತೇನೆ. ಬೇರೆ ಎಣ್ಣೆಗಳಿಗಿಂತ ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ಕಡಿಮೆ ಮಾಡುತ್ತದೆ ಎಂಬುದನ್ನು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದು ತೋರಿಸಿದೆ. ಅದರಲ್ಲಿ ಸೂರ್ಯಕಾಂತಿ ಎಣ್ಣೆಗೂ ಖನಿಜ ಎಣ್ಣೆಗೂ ಆ ಗುಣ ಕಾಣಲಿಲ್ಲ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲದ ಅಣು ಸಣ್ಣದು, ನೇರವಾದದ್ದು, ಅದಕ್ಕೇ ಒಳಗೆ ಸೇರುತ್ತದೆ. ಔಡಲೆಣ್ಣೆಯನ್ನು ನಾನು ಬಿಟ್ಟಿದ್ದೇನೆ. ಅದು ಬಹಳ ಅಂಟು, ಗುಂಗುರಿನಲ್ಲಿ ಸಿಕ್ಕನ್ನು ಹೆಚ್ಚಿಸುತ್ತದೆ. ಎಣ್ಣೆ ಹಚ್ಚುವುದರಿಂದ ಕೂದಲಿಗೆ ನೀರು ಸಿಗುತ್ತದೆ ಎಂದು ಭಾವಿಸುವುದು ಮಾತ್ರ ತಪ್ಪು. ಎಣ್ಣೆ ಕಾಪಾಡುತ್ತದೆ, ತೇವ ಬರುವುದು ನೀರಿನಿಂದಲೇ.

ರವಿವಾರ ಮುಂಜಾನೆ ತಲೆಸ್ನಾನ. ಒಂದು ಚಮಚ ಶಾಂಪೂವನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ, ನೆತ್ತಿಗೆ ಮಾತ್ರ ಹಾಕಿ, ಉಗುರು ತಾಗದಂತೆ ಬೆರಳ ತುದಿಗಳಿಂದ ತಿಕ್ಕುತ್ತೇನೆ. ಕೂದಲನ್ನೆಲ್ಲ ನೆತ್ತಿಯ ಮೇಲೆ ರಾಶಿ ಹಾಕಿ ಬಟ್ಟೆ ಒಗೆದಂತೆ ತಿಕ್ಕಬಾರದು, ವಾರದ ಸಿಕ್ಕಿನ ಬಹುಭಾಗ ಹುಟ್ಟುವುದು ಅಲ್ಲಿಯೇ. ನೊರೆ ಇಳಿದು ಹೋಗುವಾಗ ಉಳಿದ ಕೂದಲು ತಾನಾಗಿ ಸ್ವಚ್ಛವಾಗುತ್ತದೆ. ಆಮೇಲೆ ಕಂಡೀಷನರ್, ಧಾರಾಳವಾಗಿ. ತಲೆಯನ್ನು ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೂ ಹಚ್ಚಿ, ಮೊದಲು ಬೆರಳುಗಳಿಂದ ಸಿಕ್ಕು ಬಿಡಿಸುತ್ತೇನೆ, ಆಮೇಲೆ ಅಗಲ ಹಲ್ಲಿನ ಹಣಿಗೆಯಿಂದ. ಹಣಿಗೆಯನ್ನು ಮೊದಲು ತುದಿಯ ನಾಲ್ಕು ಬೆರಳಿನಷ್ಟರಲ್ಲಿ ಆಡಿಸಬೇಕು. ಅದು ಬಿಡಿಸಿದ ಮೇಲೆ ಸ್ವಲ್ಪ ಮೇಲೆ, ಅದೂ ಬಿಡಿಸಿದ ಮೇಲೆ ಇನ್ನೂ ಮೇಲೆ, ಹೀಗೆ ನೆತ್ತಿಗೆ ಬರಬೇಕು. ನೆತ್ತಿಯಿಂದ ಶುರು ಮಾಡಿದರೆ ಸಣ್ಣ ಸಣ್ಣ ಗಂಟುಗಳೆಲ್ಲ ಕೆಳಗೆ ಸೇರಿ ಒಂದೇ ದೊಡ್ಡ ಗಂಟಾಗುತ್ತದೆ. ಈ ಒಂದು ದಿಕ್ಕನ್ನು ಬದಲಿಸಿದ ವಾರವೇ ನನ್ನ ಮಗಳು ಕುರ್ಚಿಯ ಅಂಚನ್ನು ಬಿಟ್ಟಳು.

ಈ ಹೊತ್ತಿನಲ್ಲಿ ಕೈಗೆ ಬರುವ ಉದುರಿದ ಕೂದಲನ್ನು ಕಂಡು ಮೊದಮೊದಲು ನನಗೆ ಎದೆ ಝಲ್ಲೆನ್ನುತ್ತಿತ್ತು. ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನೇರ ಕೂದಲಿನವರಿಗೆ ಅವು ದಿನವೂ ನೆಲಕ್ಕೆ, ದಿಂಬಿಗೆ, ಹಣಿಗೆಗೆ ಬೀಳುತ್ತವೆ. ಗುಂಗುರಿನಲ್ಲಿ ಉದುರಿದ ಕೂದಲು ಸುರುಳಿಗಳ ನಡುವೆಯೇ ಸಿಕ್ಕಿಕೊಂಡು ಉಳಿದು, ತಲೆ ತೊಳೆಯುವ ದಿನ ವಾರದ ಲೆಕ್ಕವೆಲ್ಲ ಒಮ್ಮೆಗೇ ಕೈಗೆ ಬರುತ್ತದೆ. ಇದು ಗೊತ್ತಿಲ್ಲದೆ ಎಷ್ಟು ತಾಯಂದಿರು ಕೂದಲು ಉದುರುವ ರೋಗವೆಂದು ಅಂಜಿದ್ದಾರೋ.

ಇನ್ನು ಅಗಸಿಯ ಲೋಳೆ. ನಮ್ಮ ಊಟದಲ್ಲಿ ಅಗಸಿ ಚಟ್ನಿ ಇಲ್ಲದ ಮನೆ ಅಪರೂಪ, ಆದ್ದರಿಂದ ಇದಕ್ಕಾಗಿ ಅಂಗಡಿ ಹುಡುಕುವ ಪ್ರಸಂಗವೇ ಇಲ್ಲ. ಹುರಿಯದ ಅಗಸಿ ಎರಡು ಚಮಚ, ನೀರು ಎರಡು ಲೋಟ. ಸಣ್ಣ ಉರಿಯಲ್ಲಿ ಇಟ್ಟು ಕೈಬಿಡದೆ ತಿರುವಬೇಕು. ಐದು ನಿಮಿಷದವರೆಗೆ ಏನೂ ಆಗುವುದಿಲ್ಲ, ಬೀಜಗಳು ತಳದಲ್ಲಿ ಹೊರಳಾಡುತ್ತಿರುತ್ತವೆ. ಆಮೇಲೆ ನೀರಿಗೆ ತೂಕ ಬರುತ್ತದೆ, ಗುಳ್ಳೆಗಳು ಒಡೆಯದೆ ಮೇಲೆ ನಿಲ್ಲುತ್ತವೆ, ಸೌಟು ಎತ್ತಿದರೆ ಹನಿಯ ಹಿಂದೆ ಒಂದು ಸಣ್ಣ ದಾರ ಇಳಿಬೀಳುತ್ತದೆ. ಆ ದಾರ ಕಂಡ ಕೂಡಲೇ ಒಲೆ ಆರಿಸಬೇಕು. ಇನ್ನೆರಡು ನಿಮಿಷ ಬಿಟ್ಟರೆ ಗಟ್ಟಿಯಾಗಿ, ಬಟ್ಟೆಯಿಂದ ಇಳಿಯುವುದೇ ಇಲ್ಲ. ಬಿಸಿ ಇರುವಾಗಲೇ ತೆಳು ಬಟ್ಟೆಗೆ ಸುರಿದು, ಇಕ್ಕಳದಿಂದ ಬಟ್ಟೆಯ ಬಾಯಿ ಹಿಡಿದು ಹಿಂಡಿದರೆ ಪಾರದರ್ಶಕವಾದ ಲೋಳೆ ಬಟ್ಟಲಿಗೆ ಇಳಿಯುತ್ತದೆ. ಫ್ರಿಜ್ಜಿನಲ್ಲಿ ಇಟ್ಟರೆ ಒಂದು ವಾರ ಬಾಳಿಕೆ ಬರುತ್ತದೆ, ವಾಸನೆ ಬದಲಾದರೆ ಚೆಲ್ಲಿಬಿಡಬೇಕು. ದಾಸವಾಳದ ಎಲೆಯಿಂದಲೂ ನೆನೆಸಿದ ಮೆಂತ್ಯದಿಂದಲೂ ಲೋಳೆ ಬರುತ್ತದೆ, ಆದರೆ ಅವುಗಳ ಚೂರು ಉಳಿಯುತ್ತದೆ, ಮೆಂತ್ಯದ ವಾಸನೆ ಮಗಳಿಗೆ ಒಗ್ಗುವುದಿಲ್ಲ.

ಈ ಲೋಳೆಯನ್ನು ಹಚ್ಚಬೇಕಾದದ್ದು ನೀರು ತೊಟ್ಟಿಕ್ಕುತ್ತಿರುವ ಕೂದಲಿಗೆ. ಟವೆಲ್ಲಿನಿಂದ ಒರೆಸಿದ ಮೇಲೆ ಹಚ್ಚಿದರೆ ಅರ್ಧ ಪ್ರಯೋಜನವೂ ಸಿಗುವುದಿಲ್ಲ. ಮಗಳು ತಲೆ ಬಗ್ಗಿಸುತ್ತಾಳೆ, ನಾನು ಎರಡೂ ಅಂಗೈಗಳಲ್ಲಿ ಲೋಳೆ ಸವರಿಕೊಂಡು, ಕೂದಲನ್ನು ತುದಿಯಿಂದ ಮುಷ್ಟಿಯಲ್ಲಿ ಎತ್ತಿ ನೆತ್ತಿಯ ಕಡೆಗೆ ಮೆಲ್ಲಗೆ ಒತ್ತಿ ಬಿಡುತ್ತೇನೆ. ಪಚ್ ಪಚ್ ಎಂದು ಸದ್ದಾಗುತ್ತದೆ. ಸದ್ದು ಬಂದರೆ ನೀರು ಸಾಕಷ್ಟಿದೆ ಎಂದು ಅರ್ಥ. ಒತ್ತಿದಂತೆಲ್ಲ ಪ್ರತ್ಯೇಕ ಎಳೆಗಳು ಒಟ್ಟುಗೂಡಿ ಸುರುಳಿಯಾಗುವುದು ಕಣ್ಣಿಗೆ ಕಾಣುತ್ತದೆ. ಇದಾದ ಮೇಲೆ ನನ್ನ ಮಾವನವರ ಹಳೆಯ ಧೋತರದ ತುಂಡಿನಿಂದ ಹೆಚ್ಚಿನ ನೀರನ್ನು ಹೀರಿಸುತ್ತೇನೆ. ಹೊಸ ಟವೆಲ್ಲಿನ ಕುಣಿಕೆ ಕುಣಿಕೆಯ ಮೈಗೆ ಗುಂಗುರಿನ ಹುರುಪೆಗಳು ಸಿಕ್ಕಿ ಎದ್ದು ನಿಲ್ಲುತ್ತವೆ. ನೂರಾರು ಸಲ ಒಗೆದ ಧೋತರ ಮೃದುವಾಗಿ ಸವೆದಿರುತ್ತದೆ. ತಿಕ್ಕಬಾರದು, ಹಿಂಡಬಾರದು, ಒತ್ತಿ ಹಿಡಿದರೆ ಸಾಕು.

ಅಲ್ಲಿಂದ ಮುಂದೆ ಯಾರೂ ಮುಟ್ಟಬಾರದು. ಎಲ್ಲಕ್ಕಿಂತ ಕಷ್ಟದ ಹಂತ ಇದೇ. ಮಗಳು ಕಟ್ಟೆಯ ಮೇಲೆ ಕುಳಿತು ಓದುತ್ತಿರುತ್ತಾಳೆ, ಗದಗಿನಿಂದ ಬಂದ ಅವ್ವ ಹಾದುಹೋಗುವಾಗಲೆಲ್ಲ ಪ್ರೀತಿಯಿಂದ ತಲೆ ಸವರಲು ಕೈ ಚಾಚುತ್ತಾಳೆ. "ಆಯೀ, ಆರೂ ತನಕಾ ಮುಟ್ಟಬ್ಯಾಡ" ಎಂದು ಮಗಳು ತಾನೇ ಹೇಳುತ್ತಾಳೆ. ಅರ್ಧ ಆರಿದ ಕೂದಲಿಗೆ ಕೈ ಹಾಕಿದರೆ ಒಟ್ಟುಗೂಡಿದ ಎಳೆಗಳು ಬೇರ್ಪಟ್ಟು, ಬೇರ್ಪಟ್ಟ ಹಾಗೆಯೇ ಆರಿ, ಹತ್ತಿಯಂತೆ ಹಿಂಜಿಕೊಳ್ಳುತ್ತವೆ. ಪೂರ್ತಿ ಆರಿದಾಗ ಸುರುಳಿಗಳ ಮೇಲೆ ಲೋಳೆಯ ಗಡಸು ಪೊರೆ ಇರುತ್ತದೆ, ಮುಟ್ಟಿದರೆ ಒಣ ಎಲೆಯ ಹಾಗೆ ಸದ್ದು ಮಾಡುತ್ತದೆ. ಆಗ ಎರಡು ಹನಿ ಎಣ್ಣೆ ಅಂಗೈಗೆ ಸವರಿಕೊಂಡು ಒಂದೊಂದೇ ಹಿಡಿಯನ್ನು ಅದುಮಿದರೆ ಪೊರೆ ಒಡೆದು, ಒಳಗಿನಿಂದ ಮೆತ್ತನೆಯ, ತೂಕವುಳ್ಳ, ಹೊಳೆಯುವ ಸುರುಳಿ ಹೊರಬರುತ್ತದೆ. ಮೊದಲ ಸಲ ಅದು ಹಾಗೆ ಬಂದ ದಿನ ಮಗಳು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು.

ಮಳೆಗಾಲ ಬಂತೆಂದರೆ ಈ ಲೆಕ್ಕಾಚಾರ ಸ್ವಲ್ಪ ಬದಲಾಗುತ್ತದೆ. ಧಾರವಾಡ ಮಲೆನಾಡಿನ ಸೆರಗಿನಲ್ಲಿರುವ ಊರು, ಜೂನ್‌ನಿಂದ ದಿನಗಟ್ಟಲೆ ಜಿಟಿಜಿಟಿ ಹಿಡಿದರೆ ಗಾಳಿಯೇ ಒದ್ದೆ. ಕೂದಲು ಗಾಳಿಯ ತೇವವನ್ನು ಎಷ್ಟು ನಿಷ್ಠೆಯಿಂದ ಹೀರುತ್ತದೆಂದರೆ, 1783ರಲ್ಲಿ ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಮನುಷ್ಯನ ಕೂದಲನ್ನೇ ಬಳಸಿ ತೇವಾಂಶ ಅಳೆಯುವ ಉಪಕರಣವನ್ನು ಜಗತ್ತಿಗೆ ವಿವರಿಸಿದ. ಪೂರ್ತಿ ಒಣ ಗಾಳಿಯಿಂದ ಪೂರ್ತಿ ಒದ್ದೆ ಗಾಳಿಗೆ ಬರುವಷ್ಟರಲ್ಲಿ ಕೂದಲು ನೂರಕ್ಕೆ ಸುಮಾರು 2ರಿಂದ 2.5ರಷ್ಟು ಉದ್ದವಾಗುತ್ತದೆ. ಶ್ರಾವಣದಲ್ಲಿ ಕೂದಲು ಉಬ್ಬಿ ಹಿಂಜಿದಂತಾಗುವುದು ನಮ್ಮ ಆರೈಕೆಯ ದೋಷವಲ್ಲ, ಬಿಚ್ಚಿಕೊಂಡ ಬಂಧಗಳು ಗಾಳಿಯ ನೀರಿನಲ್ಲಿಯೇ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿರುವ ಪರಿಣಾಮ. ಆ ತಿಂಗಳುಗಳಲ್ಲಿ ಗ್ಲಿಸರಿನ್ ಇರುವ ಕ್ರೀಮುಗಳನ್ನು ಬಿಡುತ್ತೇನೆ, ಅದು ಗಾಳಿಯಿಂದ ಇನ್ನಷ್ಟು ತೇವ ಎಳೆಯುತ್ತದೆ. ಲೋಳೆಯನ್ನು ಸ್ವಲ್ಪ ಹೆಚ್ಚು ಹಚ್ಚುತ್ತೇನೆ. ಆರಲು ಇಡೀ ಹಗಲು ಬೇಕಾಗುತ್ತದೆ, ಫ್ಯಾನಿನ ಕೆಳಗೆ ಕೂರಿಸುತ್ತೇನೆ. ಸಂಕ್ರಾಂತಿಯ ಆಸುಪಾಸಿನ ಒಣ ಗಾಳಿಯಲ್ಲಿ ಕಂಡೀಷನರನ್ನು ಪೂರ್ತಿ ತೊಳೆಯದೆ ಚೂರು ಉಳಿಸುತ್ತೇನೆ.

ವಾರದ ದಿನಗಳಲ್ಲಿ ಮಾಡುವುದು ಬಹಳ ಕಡಿಮೆ. ರಾತ್ರಿ ಕೂದಲನ್ನೆಲ್ಲ ನೆತ್ತಿಯ ಮೇಲೆ ತಂದು ಸಡಿಲವಾಗಿ ಕಟ್ಟುತ್ತೇನೆ, ಹಳೆಯ ರೇಷ್ಮೆ ಸೀರೆಯಿಂದ ಹೊಲಿದ ದಿಂಬಿನ ಚೀಲದ ಮೇಲೆ ಮಲಗುತ್ತಾಳೆ. ಮುಂಜಾನೆ ಕೈ ಒದ್ದೆ ಮಾಡಿಕೊಂಡು ಸುರುಳಿಗಳನ್ನು ಸವರಿ, ಬೆರಳುಗಳಿಂದಲೇ ಬೈತಲೆ ತೆಗೆದು, ಸಡಿಲವಾದ ಎರಡು ಹೆರಳು ಹಾಕುತ್ತೇನೆ. ಬುಧವಾರಕ್ಕೆ ನೆತ್ತಿ ತುರಿಸಿದರೆ ಬರಿಯ ನೀರಿನಿಂದ ತೊಳೆದು ಕಂಡೀಷನರ್ ಮಾತ್ರ ಹಚ್ಚುತ್ತೇನೆ. ಗುಂಗುರನ್ನು ಅಂಕಿ ಅಕ್ಷರಗಳಲ್ಲಿ ವಿಂಗಡಿಸುವ ಒಂದು ಪದ್ಧತಿ ಇದೆ, ಆಂಡ್ರೆ ವಾಕರ್ ಎಂಬ ಅಮೆರಿಕದ ಕೇಶವಿನ್ಯಾಸಕ ಅದನ್ನು ರೂಪಿಸಿದ. ನಿಮ್ಮದು ಯಾವ ಅಂಕಿ ಎಂದು ಹುಡುಕುತ್ತ ದಿನ ಕಳೆಯಬೇಡಿ. ಒಂದೇ ತಲೆಯಲ್ಲಿ ಮೂರು ಬಗೆಯ ಸುರುಳಿ ಇರುತ್ತದೆ. ಮಗಳ ಕಿವಿಯ ಹಿಂದಿನದು ಬಳಪದಷ್ಟು ಸಣ್ಣ, ನೆತ್ತಿಯದು ಅಗಲ.

ಶಾಲೆಯಿಂದ ಒಮ್ಮೆ ಡೈರಿಯಲ್ಲಿ ಬರೆದು ಕಳಿಸಿದರು: ಕೂದಲನ್ನು ಎಣ್ಣೆ ಹಚ್ಚಿ ಬಿಗಿಯಾಗಿ, ಅಚ್ಚುಕಟ್ಟಾಗಿ ಕಟ್ಟಿ ಕಳಿಸಬೇಕು. ಅದನ್ನು ಓದಿ ನನಗೆ ನೋವಾಯಿತು, ಏಕೆಂದರೆ ಅವಳ ಹೆರಳು ಸ್ವಚ್ಛವಾಗಿತ್ತು, ಹಣೆಯ ಮೇಲಿನ ಎರಡು ಎಳೆಗಳು ಮಾತ್ರ ಎದ್ದು ನಿಂತಿದ್ದವು. ಮರುದಿನ ಹೋಗಿ ಟೀಚರ್ ಜೊತೆ ಕುಳಿತು ಮಾತಾಡಿದೆ. ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯ ಅಂಚಿನ ಕೂದಲು ತೆಳುವಾಗಿ, ಬೇರು ಸತ್ತು, ಮತ್ತೆ ಬರದಂತೆ ಆಗುವುದುಂಟು ಎಂದು ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಆಮೇಲೆ ಡೈರಿಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ಗುಂಗುರು ಅಶಿಸ್ತಲ್ಲ ಎಂಬುದನ್ನು ಮಕ್ಕಳ ಎದುರಿನಲ್ಲೇ ದೊಡ್ಡವರು ಹೇಳಬೇಕು. ಲಕ್ಕುಂಡಿಗೆ ಹೋದಾಗ, ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯದ ಮುಂದೆ ನಿಂತು, ಜಿನಮೂರ್ತಿಗಳ ತಲೆಗೂದಲನ್ನು ಶಿಲ್ಪಿಗಳು ಸಣ್ಣ ಸಣ್ಣ ಸುರುಳಿಗಳಾಗಿ ಕಡೆಯುವ ಸಂಪ್ರದಾಯವಿದೆ ಎಂದು ಮಗಳಿಗೆ ವಿವರಿಸಿದೆ. "ಹಂಗಾದ್ರ ದೇವರಿಗೂ ನನ್ನಂಗ ಕೂದ್ಲಾ" ಎಂದಳು.

ನಾನು ಅವಳಿಗೆ ಇಷ್ಟೆಲ್ಲ ಮಾಡುವುದಕ್ಕೆ ನನ್ನದೇ ಒಂದು ಕಾರಣವೂ ಇದೆ. ಮದುವೆಗೆ ಮೊದಲು ಹುಬ್ಬಳ್ಳಿಯ ಒಂದು ಪಾರ್ಲರ್‌ನಲ್ಲಿ ನನ್ನ ಕೂದಲನ್ನು ನೇರ ಮಾಡಿಸಿದ್ದರು. ನೀರಿಗೆ ಬಗ್ಗದ ಗಂಧಕದ ಬಂಧಗಳನ್ನು ರಾಸಾಯನಿಕದಿಂದ ಒಡೆದು, ಕಾದ ಇಸ್ತ್ರಿಯಿಂದ ನೇರವಾಗಿ ಒತ್ತಿ, ಮತ್ತೆ ಬೆಸೆಯುವ ಕೆಲಸ ಅದು. ಹಚ್ಚುವ ಮೊದಲು ಯಾರೂ ಏನನ್ನೂ ವಿವರಿಸಲಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರು ತಿಂಗಳಲ್ಲಿ ನೆತ್ತಿಯಿಂದ ನಾಲ್ಕು ಬೆರಳು ಗುಂಗುರು, ಅಲ್ಲಿಂದ ಕೆಳಗೆ ಜೀವವಿಲ್ಲದ ನೇರ ಎಳೆ. ಎರಡೂ ಸೇರುವ ಜಾಗದಲ್ಲಿ ಕೂದಲು ತುಂಡಾಗಿ ಬೀಳುತ್ತಿತ್ತು. ಕೊನೆಗೆ ಕಿವಿಯ ಮಟ್ಟಕ್ಕೆ ಕತ್ತರಿಸಿದೆ. ಈಗ ಬೇರೆ ಬೇರೆ ಹೆಸರುಗಳಲ್ಲಿ ಬರುವ ಕೂದಲು ನಯಗೊಳಿಸುವ ದ್ರಾವಣಗಳಲ್ಲಿ ಕೆಲವು ಕಾದಾಗ ಫಾರ್ಮಾಲ್ಡಿಹೈಡ್ ಹೊರಬಿಡುತ್ತವೆ, ಅದು ಕ್ಯಾನ್ಸರ್‌ಕಾರಕವೆಂದು ವರ್ಗೀಕೃತವಾದ ವಸ್ತು. ದೊಡ್ಡವರು ತಿಳಿದು ಆರಿಸಿಕೊಂಡರೆ ಅದು ಅವರ ಇಚ್ಛೆ. ಮಕ್ಕಳ ತಲೆಗೆ ಮಾತ್ರ ಬೇಡವೇ ಬೇಡ ಎಂದು ಕೈಮುಗಿದು ಹೇಳುತ್ತೇನೆ.

ಕಳೆದ ದೀಪಾವಳಿಯ ಎಣ್ಣೆಸ್ನಾನದ ದಿನ ನಾನು ಅಡುಗೆಮನೆಯಿಂದ ಬರುವುದು ತಡವಾಯಿತು. ಬಚ್ಚಲಿಗೆ ಹೋಗಿ ನೋಡಿದರೆ ಅವ್ವ ಮಣೆಯ ಮೇಲೆ ಕುಳಿತು, ಮಗಳ ತಲೆಯನ್ನು ನಾಲ್ಕು ಪಾಲು ಮಾಡಿ, ತುದಿಯಿಂದ ಮೇಲಕ್ಕೆ ಬೆರಳಾಡಿಸುತ್ತಿದ್ದಳು. ಪಕ್ಕದಲ್ಲಿ ಸಿಹಿನೀರಿನ ಕೊಡ ತೆರೆದಿತ್ತು. ಒಂದು ಗಂಟು ಸಿಕ್ಕಿತು, ಅವಳು ಎಳೆಯಲಿಲ್ಲ. ಇನ್ನಷ್ಟು ಕಂಡೀಷನರ್ ಹಚ್ಚಿ, ಗಂಟನ್ನು ಎರಡು ಬೆರಳುಗಳ ನಡುವೆ ಹಿಡಿದು ಒಂದೊಂದೇ ಎಳೆ ಬಿಡಿಸಿದಳು. ತಲೆ ಎತ್ತದೆಯೇ ನನ್ನನ್ನು ಕೇಳಿದಳು: "ಅಗಸಿ ಲೋಳಿ ಉಳದದೇನ, ಇಲ್ಲಾ ನಾನ ಕುದಸಲ್ಯಾ?"